ಬೀಗ ಹಾಕಿದ ಮನೆಗೂ ಕಾವು ಬೇಕು

ಡಿಸೆಂಬರ್‌ನಲ್ಲಿ ಶಿಕಾಗೊ ಹೊರವಲಯದ ಮನೆಗೆ ಬೀಗ ಹಾಕಿ ಮೈಸೂರಿಗೆ ಬಂದಾಗಲೆಲ್ಲ ನಮ್ಮತ್ತೆ ತಪ್ಪದೆ ಕೇಳುತ್ತಾರೆ: "ಅಲ್ಲಮ್ಮಾ, ಮನೇಲಿ ನರಪಿಳ್ಳೆ ಇಲ್ಲ, ಆ ಹೀಟರು ಯಾರಿಗೋಸ್ಕರ ಉರೀತಿದೆ?" ಫ್ಯಾನ್ ಆರಿಸದೆ ಕೋಣೆ ಬಿಟ್ಟವರನ್ನು ವಾಪಸ್ ಕಳಿಸುವ ಮನೆ ಅವರದು, ಪ್ರಶ್ನೆ ಸಹಜವೇ. ಪೈಪಿನೊಳಗಿನ ನೀರಿಗೋಸ್ಕರ ಅತ್ತೆ, ಎನ್ನುತ್ತೇನೆ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪೈಪಿನ ನಡುವೆ ಗಡ್ಡೆ ಕಟ್ಟಿದರೆ, ಅದಕ್ಕೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಬಿರಿಯುತ್ತದೆ. ಬಿರಿದದ್ದು ತಕ್ಷಣ ತಿಳಿಯದು. ಚಳಿ ಇಳಿದು ಗಡ್ಡೆ ಕರಗಿದ ಮೇಲೆ ನೀರು ಹರಿಯತೊಡಗುತ್ತದೆ. ನಾವಾಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿರುತ್ತೇವೆ. ಶಿಕಾಗೊ ಮನೆಯ ಒಳಗೋಡೆಗಳು ಮರದ ಚೌಕಟ್ಟಿಗೆ ಬಡಿದ ಜಿಪ್ಸಂ ಹಲಗೆಗಳು. ನೆನೆದರೆ ಕಿತ್ತೆಸೆಯಬೇಕು. 2019ರ ಜನವರಿ 30ರಂದು ಶಿಕಾಗೊದಲ್ಲಿ ಉಷ್ಣಾಂಶ ಮೈನಸ್ 23 ಫ್ಯಾರನ್‌ಹೀಟ್‌ಗೆ, ಅಂದರೆ ಹತ್ತಿರಹತ್ತಿರ ಮೈನಸ್ 31 ಸೆಲ್ಸಿಯಸ್‌ಗೆ ಇಳಿದಿತ್ತು. 2021ರ ಫೆಬ್ರವರಿಯಲ್ಲಿ ಬಿಸಿಲ ನಾಡಾದ ಟೆಕ್ಸಸ್‌ನಲ್ಲೇ ಕರೆಂಟು ಹೋಗಿ, ಹೀಟರ್ ನಿಂತು, ಎಷ್ಟೋ ಮನೆಗಳಲ್ಲಿ ಪೈಪು ಒಡೆದವು.

ಈಗ ಲೆಕ್ಕಕ್ಕೆ ಬರೋಣ. ನಾವಿರುವಾಗ ಮನೆಯ ಕಾವು ನಿಯಂತ್ರಿಸುವ ಥರ್ಮೋಸ್ಟಾಟ್ 70 ಫ್ಯಾರನ್‌ಹೀಟ್‌ನಲ್ಲಿರುತ್ತದೆ. ಹೊರಡುವಾಗ 55ಕ್ಕೆ ಇಳಿಸುತ್ತೇವೆ. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ 21ರಿಂದ 13ಕ್ಕೆ. ಮನೆಯಿಂದ ಸೋರಿಹೋಗುವ ಶಾಖ ಒಳಗಿನ ಮತ್ತು ಹೊರಗಿನ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. ಹೊರಗೆ 25 ಫ್ಯಾರನ್‌ಹೀಟ್ ಇದ್ದರೆ ಅಂತರ 45ರಿಂದ 30ಕ್ಕೆ ಇಳಿಯಿತು. ಮನೆ ಕಾಯಿಸುವ ಗ್ಯಾಸಿನಲ್ಲಿ ಮೂರನೇ ಒಂದು ಭಾಗ ಉಳಿಯಿತು. ಜನವರಿಯಲ್ಲಿ ಅದಕ್ಕೆ ನಮಗೆ 150 ಡಾಲರ್ ಆಸುಪಾಸು ಬಿಲ್ ಬರುವುದರಿಂದ, ತಿಂಗಳಿಗೆ 50 ಡಾಲರ್ ಉಳಿತಾಯ. ಇನ್ನೂ ಇಳಿಸಿ 50 ಮಾಡಿದರೆ ಮತ್ತೊಂದು 15 ಡಾಲರ್ ಉಳಿದೀತು. ಆ ಹದಿನೈದರ ಆಸೆಗೆ ನಾನು ಹೋಗುವುದಿಲ್ಲ. ಹೊರಗೋಡೆಯೊಳಗಿನ ಪೈಪಿನ ಬಳಿ ಉಷ್ಣಾಂಶ ಥರ್ಮೋಸ್ಟಾಟ್ ತೋರಿಸುವುದಕ್ಕಿಂತ ಕಡಿಮೆಯೇ ಇರುತ್ತದೆ. ತಣ್ಣಗಾದ ಮನೆಯನ್ನು ಮತ್ತೆ ಕಾಯಿಸಲು ಉಳಿಸಿದ್ದೆಲ್ಲ ಖರ್ಚಾಗುತ್ತದೆ ಎಂದು ಗೆಳೆಯರು ವಾದಿಸುವುದುಂಟು. ಅದು ತಪ್ಪು.

ಆದರೆ ದುಡ್ಡಿನ ನಿಜವಾದ ಗಂಟು ಇರುವುದು ವಿಮೆಯಲ್ಲಿ. ಪೈಪು ಹೆಪ್ಪುಗಟ್ಟಿ ಒಡೆದ ನಷ್ಟಕ್ಕೆ ಅಮೆರಿಕದ ಸಾಮಾನ್ಯ ಮನೆ ವಿಮೆಯಲ್ಲಿ ಒಂದು ಷರತ್ತಿರುತ್ತದೆ: ಮಾಲೀಕರು ಮನೆಯನ್ನು ಬೆಚ್ಚಗಿಡಲು ತಕ್ಕ ಎಚ್ಚರ ವಹಿಸಿರಬೇಕು, ಇಲ್ಲವೇ ನೀರು ನಿಲ್ಲಿಸಿ ಪೈಪು ಖಾಲಿ ಮಾಡಿರಬೇಕು. ಹೀಟರ್ ಪೂರ್ತಿ ಆರಿಸಿ, ನೀರನ್ನು ಹಾಗೇ ಬಿಟ್ಟು ಬಂದವರಿಗೆ ಕ್ಲೇಮ್ ಸಿಗುವುದು ಕಷ್ಟ.

ನಾವು ಎರಡನ್ನೂ ಮಾಡುತ್ತೇವೆ, ಏಕೆಂದರೆ ಹೀಟರ್ ಕೈಕೊಡಬಹುದು, ಕರೆಂಟು ಹೋಗಬಹುದು. ಬೇಸ್‌ಮೆಂಟ್‌ನ ಮೇನ್ ವಾಲ್ವ್ ತಿರುಗಿಸಿ, ನಲ್ಲಿಗಳನ್ನು ತೆರೆದು ನೀರು ಬಸಿದುಬಿಡುತ್ತೇವೆ. ಬಿಸಿನೀರಿನ ರೇಡಿಯೇಟರ್ ಅಥವಾ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಇರುವ ಮನೆಯವರು ಮಾತ್ರ ಪ್ಲಂಬರನ್ನು ಕೇಳದೆ ಮೇನ್ ಮುಟ್ಟಬಾರದು. ಗ್ಯಾಸ್ ವಾಟರ್ ಹೀಟರ್‌ನ ತಿರುಗಣೆಯಲ್ಲಿ ರಜೆಗೆಂದೇ ಗುರುತಿದ್ದರೆ ಅಲ್ಲಿಗಿಡಿ. ಮೊಬೈಲಿಗೆ ಸುದ್ದಿ ಕಳಿಸುವ ಥರ್ಮೋಸ್ಟಾಟ್ ಒಳ್ಳೆಯದೇ, ಆದರೆ ವೈಫೈ ಸತ್ತರೆ ಅದೂ ಮೂಕ. ಕೀಲಿ ಕೊಟ್ಟ ನೆರೆಯವರು ವಾರಕ್ಕೊಮ್ಮೆ ಒಳಹೊಕ್ಕು ನೋಡುವುದಕ್ಕೆ ಯಾವ ಯಂತ್ರವೂ ಸಾಟಿಯಲ್ಲ.

ಬೇಸಿಗೆಯಲ್ಲಿ ಬಂದರೆ ಏಸಿಯನ್ನು 85ಕ್ಕೆ ಏರಿಸಿ ಬಿಡುತ್ತೇವೆ. ಪೂರ್ತಿ ಆರಿಸಿದರೆ ಮುಚ್ಚಿದ ಮನೆಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮೂರಿನ ಹಿರಿಯರಿಗೆ ಈ ಯಾವ ರಗಳೆಯೂ ಇಲ್ಲ: ಗೀಸರ್ ಸ್ವಿಚ್ ಆರಿಸಿ, ಫ್ರಿಜ್ ಖಾಲಿ ಮಾಡಿ ಒರೆಸಿ ಬಾಗಿಲು ಓರೆ ಬಿಟ್ಟರಾಯಿತು. ಅಲ್ಲಿಂದ ಇಲ್ಲಿಗೆ ಹೊರಟವರು ಸೂಟ್‌ಕೇಸ್ ತೂಗುವ ಮೊದಲು ಥರ್ಮೋಸ್ಟಾಟ್‌ನ ಬ್ಯಾಟರಿ ಬದಲಿಸಿ, ವಿಮೆ ಕಾಗದದಲ್ಲಿ ಆ ಷರತ್ತನ್ನು ಹುಡುಕಿ ಓದಿ.