ಸಂಬಳ ನಿಂತ ಮನೆಯ ಲೆಕ್ಕ: ಹದಿನಾಲ್ಕು ಸೂತ್ರಗಳು

ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಗು ಹಿಡಿದು ಕೂತವರೆಲ್ಲ ರಜೆ ಹಾಕಿ ಬಂದವರಲ್ಲ. ಕೆಲಸ ಹೋದದ್ದನ್ನು ಮನೆಯಲ್ಲಿ ಇನ್ನೂ ಹೇಳದವರೂ ಅವರಲ್ಲಿರುತ್ತಾರೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಬಿಡುವುದಾಗಿ ಹೇಳಿದಾಗ ಐಟಿಯವರು ಬೆಚ್ಚಿದರು. ಕೋಲಾರದವರು ಬೆಚ್ಚಲಿಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಲೇ ಇದ್ದಾರೆ. ಕೆಲಸ ಹೋದವರಿಗೆ ಬೇಕಾದದ್ದು ಧೈರ್ಯದ ಮಾತಿಗಿಂತ ಮೊದಲು ಒಂದು ಲೆಕ್ಕದ ಪುಸ್ತಕ.

1. ಮೊದಲ ದಿನವೇ ಮನೆಯಲ್ಲಿ ಹೇಳಿ
ಕೆಲಸ ಹೋದ ಮೇಲೆ ಅತಿ ದುಬಾರಿಯಾದ ಖರ್ಚು ಮರ್ಯಾದೆಯ ಖರ್ಚು. ಕೆಲಸ ಇದೆ ಎಂದು ತೋರಿಸಿಕೊಳ್ಳಲು ಪೆಟ್ರೋಲು, ಹೊರಗಿನ ಊಟ, ಹಬ್ಬಕ್ಕೆ ಎಲ್ಲರಿಗೂ ಬಟ್ಟೆ, ನೆಂಟರ ಮದುವೆಗೆ ಮುಯ್ಯಿ. ಎರಡು ತಿಂಗಳು ಹೀಗೆ ನಟಿಸಿದರೆ ಉಳಿತಾಯದ ಅರ್ಧ ಹೋಗಿರುತ್ತದೆ. ಗಂಡ ಅಥವಾ ಹೆಂಡತಿಗೆ ಅಂದೇ ಹೇಳಿ. ತಿಳಿಯುವ ವಯಸ್ಸಿನ ಮಕ್ಕಳಿಗೂ ಹೇಳಿ. ದೊಡ್ಡವರು ಪಿಸುಗುಟ್ಟುವುದನ್ನು ಅವರು ಹೇಗೂ ಕೇಳಿಸಿಕೊಂಡಿರುತ್ತಾರೆ. ಅತ್ತೆ ಮನೆಯವರಿಗೆ ಬೇಕಿದ್ದರೆ ಒಂದು ವಾರ ತಡವಾಗಲಿ.

2. ರಾಜೀನಾಮೆಗೆ ಕೂತಲ್ಲೇ ಸಹಿ ಹಾಕಬೇಡಿ
‘ನೀವೇ ರಾಜೀನಾಮೆ ಕೊಟ್ಟರೆ ಮುಂದೆ ನಿಮಗೇ ಒಳ್ಳೆಯದು’ ಎಂಬ ಎಚ್‌ಆರ್ ಮಾತಿನಲ್ಲಿ ಒಳ್ಳೆಯದು ಯಾರಿಗೆ ಎಂದು ಒಂದು ರಾತ್ರಿ ಯೋಚಿಸಿ. ಕಂಪನಿಯೇ ತೆಗೆದರೆ, ಕನಿಷ್ಠ ಒಂದು ವರ್ಷ ದುಡಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಪರಿಹಾರವಾಗಿ ಸಿಗಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ರಾಜೀನಾಮೆ ಕೊಟ್ಟರೆ ಇದು ಕೈತಪ್ಪುತ್ತದೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜರ್’ ಎಂದಿದೆ, ನಾನು ಕಾರ್ಮಿಕನಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುತ್ತಿದ್ದ ಕೆಲಸ ಏನು ಎಂಬುದನ್ನೇ ನ್ಯಾಯಾಲಯಗಳು ನೋಡುತ್ತವೆ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಐಟಿಯವರಿಗೆ ಕೆಐಟಿಯು ಎಂಬ ಸಂಘವೂ ಇದೆ.

3. ಲ್ಯಾಪ್‌ಟಾಪ್ ಹಿಂದಿರುಗಿಸುವ ಮೊದಲು
ಎಲ್ಲ ಪೇಸ್ಲಿಪ್, ಫಾರ್ಮ್ 16, ನೇಮಕಾತಿ ಪತ್ರ ಇಳಿಸಿಕೊಳ್ಳಿ. ಬ್ಯಾಂಕು, ಪಿಎಫ್, ವಿಮೆ ಎಲ್ಲಿಯಾದರೂ ಕಚೇರಿಯ ಇಮೇಲ್ ಕೊಟ್ಟಿದ್ದರೆ ಸ್ವಂತದ್ದಕ್ಕೆ ಬದಲಿಸಿ. ಆ ಸಂಜೆಗೇ ನಿಮ್ಮ ಲಾಗಿನ್ ಮುಚ್ಚಿರುತ್ತದೆ.

4. ಗ್ರ್ಯಾಚ್ಯುಟಿಯನ್ನು ನೀವೇ ಲೆಕ್ಕ ಹಾಕಿ
ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಮೂಲವೇತನ 30 ಸಾವಿರ, ಸೇವೆ 8 ವರ್ಷ ಎಂದರೆ ಸುಮಾರು 1,38,460 ರೂಪಾಯಿ. ಆರು ತಿಂಗಳು ಮೀರಿದ್ದು ಇಡೀ ವರ್ಷವೆಂದೇ ಲೆಕ್ಕ: 7 ವರ್ಷ 8 ತಿಂಗಳು ದುಡಿದವರಿಗೆ ಎಂಟು ವರ್ಷದ್ದು ಬರಬೇಕು. ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ಸಾಕು. ರಾಜೀನಾಮೆ ಕೊಟ್ಟವರಿಗೂ ಗ್ರ್ಯಾಚ್ಯುಟಿ ಉಂಟು. ಅದು ಕಂಪನಿಯ ಔದಾರ್ಯವಲ್ಲ, ನಿಮ್ಮ ದುಡ್ಡು.

5. ಗಾರ್ಮೆಂಟ್ಸ್, ಫ್ಯಾಕ್ಟರಿಯವರು ಇಎಸ್‌ಐ ಶಾಖೆಗೆ ಹೋಗಿ
ತಿಂಗಳಿಗೆ 21 ಸಾವಿರದೊಳಗೆ ಸಂಬಳವಿದ್ದು ಇಎಸ್‌ಐ ಕಟ್ಟುತ್ತಿದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಿದೆ. ದಿನದ ಸರಾಸರಿ ಸಂಬಳದ ಅರ್ಧದಷ್ಟನ್ನು 90 ದಿನಗಳವರೆಗೆ, ಬದುಕಿನಲ್ಲಿ ಒಂದು ಸಲ ಕೊಡುತ್ತಾರೆ. ಸರ್ಕಾರ ಇದನ್ನು ಅವಧಿ ಮುಗಿದಂತೆ ಮುಂದುವರಿಸುತ್ತ ಬಂದಿದೆ. ಈಗಿನ ಷರತ್ತುಗಳನ್ನು ಶಾಖೆಯಲ್ಲೇ ಕೇಳಿಕೊಳ್ಳಿ. ಇದನ್ನು ಕೇಳಿ ಪಡೆದವರಿಗಿಂತ ಹೆಸರೇ ಕೇಳದವರು ಹೆಚ್ಚು.

6. ದುಡ್ಡನ್ನು ದಿನಗಳಾಗಿ ಎಣಿಸಿ
ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ಬಾಡಿಗೆ 18 ಸಾವಿರ, ದಿನಸಿ-ಹಾಲು-ಗ್ಯಾಸು 12 ಸಾವಿರ, ಸಾಲದ ಕಂತು 14 ಸಾವಿರ, ಶಾಲೆ ಮತ್ತು ಔಷಧಿಗೆ 6 ಸಾವಿರ: ಒಟ್ಟು 50 ಸಾವಿರ ಎಂದಿಟ್ಟುಕೊಳ್ಳಿ. ಕೈಯಲ್ಲಿ 3 ಲಕ್ಷವಿದ್ದರೆ ನಿಮಗಿರುವುದು ಆರು ತಿಂಗಳು. ಖರ್ಚನ್ನು 40 ಸಾವಿರಕ್ಕೆ ಇಳಿಸಿದರೆ ಏಳೂವರೆ ತಿಂಗಳು. ಆ ಹತ್ತು ಸಾವಿರ ನಿಮಗೆ 45 ದಿನ ಕೊಡಿಸಿತು. ಸಿಕ್ಕ ಮೊದಲ ಕೆಲಸಕ್ಕೆ ಅರ್ಧ ಸಂಬಳಕ್ಕೆ ಒಪ್ಪಿಕೊಳ್ಳುವುದಕ್ಕೂ ಇನ್ನೊಂದು ಇಂಟರ್‌ವ್ಯೂಗೆ ಕಾಯುವುದಕ್ಕೂ ನಡುವೆ ಇರುವುದು ಆ 45 ದಿನವೇ.

ಕಾಫಿ ಬಿಡಿ, ಪೇಪರ್ ನಿಲ್ಲಿಸಿ ಎಂಬ ಉಪದೇಶ ನನಗೆ ಹಿಡಿಸುವುದಿಲ್ಲ. ದರ್ಶಿನಿಯ ಕಾಫಿ ಬಿಟ್ಟರೆ ತಿಂಗಳಿಗೆ ಐನೂರು ಆರುನೂರು ಉಳಿದೀತು. ಮನಸ್ಸು ಮಾತ್ರ ಪೂರ್ತಿ ಕಹಿಯಾಗುತ್ತದೆ. ಕೈ ಹಾಕಬೇಕಾದ್ದು ದೊಡ್ಡ ಬಾಬತ್ತುಗಳಿಗೆ: ಬಾಡಿಗೆ, ಕಾರು, ಕಂತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರಲ್ಲ, ನಿಮ್ಮ ಕುಡಿಕೆ ಎಷ್ಟು ದಿನಕ್ಕೆ ಬರುತ್ತದೆ ಎಂದಾದರೂ ಗೊತ್ತಿರಲಿ.

7. ಮನೆ ಬದಲಿಸುವ ಮುನ್ನ ಅಡ್ವಾನ್ಸ್ ಲೆಕ್ಕ
ವೈಟ್‌ಫೀಲ್ಡ್ ಬಿಟ್ಟು ಕೆಂಗೇರಿಗೆ ಹೋದರೆ ಬಾಡಿಗೆ ಇಳಿಯಬಹುದು, ದೊಡ್ಡ ಅಡ್ವಾನ್ಸಿನಲ್ಲಿ ಒಂದಿಷ್ಟು ಕೈಗೂ ಬರಬಹುದು. ಆದರೆ ಹಳೆಯ ಮಾಲೀಕರು ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಬ್ರೋಕರಿಗೆ ಇನ್ನೊಂದು ತಿಂಗಳದ್ದು, ಸಾಮಾನು ಸಾಗಿಸುವ ಟೆಂಪೋ ಬೇರೆ. ಇಷ್ಟೂ ಖರ್ಚು ನಾಲ್ಕು ತಿಂಗಳೊಳಗೆ ಹುಟ್ಟುವಂತಿದ್ದರೆ ಮಾತ್ರ ಹೊರಡಿ. ಅದಕ್ಕೂ ಮೊದಲು ಮಾಲೀಕರನ್ನೇ ಒಂದು ಮಾತು ಕೇಳಿ. ಕೆಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಲು ಒಪ್ಪುವವರಿದ್ದಾರೆ.

8. ಪಿಎಫ್ ಕೊನೆಯ ಗಂಟು
ಮುಟ್ಟದೆ ಇರಲು ಸಾಧ್ಯವಾದರೆ ಮುಟ್ಟಬೇಡಿ. ಕೆಲಸ ಬಿಟ್ಟ ಮೇಲೂ ಅದಕ್ಕೆ ಬಡ್ಡಿ ಸೇರುತ್ತಲೇ ಇರುತ್ತದೆ. 2024-25ಕ್ಕೆ ಶೇ 8.25 ಕೊಟ್ಟಿದ್ದಾರೆ. ಐದು ವರ್ಷ ತುಂಬುವ ಮೊದಲೇ ತೆಗೆದರೆ ತೆರಿಗೆಯೂ ಬೀಳಬಹುದು. ಹಿಂದೆ ಎರಡು ತಿಂಗಳು ನಿರುದ್ಯೋಗಿಯಾಗಿದ್ದರೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರಿನಲ್ಲಿ ಪಿಎಫ್ ಮಂಡಳಿ ಶೇ 25ರಷ್ಟು ಖಾತೆಯಲ್ಲೇ ಉಳಿಯಬೇಕು, ಪೂರ್ತಿ ತೆಗೆಯಲು 12 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿತು. ಬಹಳ ಜನ ಬೈದರು. ನನಗೇನೋ ಅದು ಅಷ್ಟು ಕೆಟ್ಟದ್ದು ಅನ್ನಿಸಲಿಲ್ಲ. ಪಿಂಚಣಿಯ ಭಾಗದ ಬಗ್ಗೆ ಇನ್ನೂ ಎಚ್ಚರ: ಒಟ್ಟು ಹತ್ತು ವರ್ಷ ಸೇವೆಯಾದರೆ ಪಿಂಚಣಿ ಹಕ್ಕು ಬರುತ್ತದೆ. ಒಂಬತ್ತನೆಯ ವರ್ಷದಲ್ಲಿ ಅದನ್ನು ತೆಗೆದುಕೊಂಡರೆ ಮತ್ತೆ ಒಂದರಿಂದ ಎಣಿಸಬೇಕು.

9. ಆರೋಗ್ಯ ವಿಮೆಯಲ್ಲಿ ಒಂದು ದಿನವೂ ಬಿರುಕು ಬೇಡ
ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದಕ್ಕೂ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿ ಎಂದು ಬರೆದು ಕೇಳಿ. ಹೊಸದಾಗಿ ಶುರು ಮಾಡಿದರೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಅಪ್ಪ ಅಮ್ಮ ನಿಮ್ಮ ವಿಮೆಯಲ್ಲೇ ಇದ್ದರೆ ಈ ಕೆಲಸ ಮೊದಲನೆಯದು.

10. ಬ್ಯಾಂಕಿನವರು ಫೋನ್ ಮಾಡುವ ಮೊದಲು ನೀವೇ ಹೋಗಿ
ಕಂತು 90 ದಿನ ಬಾಕಿಯಾದರೆ ಸಾಲ ವಸೂಲಾಗದ ಸಾಲಗಳ (ಎನ್‌ಪಿಎ) ಪಟ್ಟಿಗೆ ಸೇರುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ. ಮೊದಲ ಕಂತು ತಪ್ಪುವ ಮುಂಚೆಯೇ ಕೆಲಸದಿಂದ ತೆಗೆದ ಪತ್ರ ಹಿಡಿದು ಶಾಖೆಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

11. ಸಾಲ ಬೇಕೇ ಬೇಕಾದರೆ ಈ ಕ್ರಮದಲ್ಲಿ
ಮೊದಲು ಸ್ವಂತ ಎಫ್‌ಡಿ ಮೇಲೆ. ಆಮೇಲೆ ಎಲ್‌ಐಸಿ ಪಾಲಿಸಿ ಮೇಲೆ. ಆಮೇಲೆ ಬ್ಯಾಂಕು ಅಥವಾ ಸೊಸೈಟಿಯಲ್ಲಿ ಒಡವೆ ಅಡವಿಟ್ಟು. ಕ್ರೆಡಿಟ್ ಕಾರ್ಡಿನ ‘ಮಿನಿಮಮ್ ಡ್ಯೂ’ ಕಟ್ಟುತ್ತ ಹೋಗುವುದು ಈ ಪಟ್ಟಿಯಲ್ಲೇ ಇಲ್ಲ. ಬಹುತೇಕ ಕಾರ್ಡುಗಳಲ್ಲಿ ವರ್ಷದ ಬಡ್ಡಿ ಶೇ 36ರಿಂದ 45. ಮೊಬೈಲ್ ಆ್ಯಪ್ ಸಾಲ ಅದಕ್ಕಿಂತ ಕೆಟ್ಟದ್ದು. ಒಡವೆ ಪೆಟ್ಟಿಗೆಯಲ್ಲೇ ಇರಲಿ, ನಾಲ್ಕು ಜನ ನೋಡಿದರೆ ಏನಂದಾರು ಎಂದು ಕಾರ್ಡು ಉಜ್ಜುವುದೂ ಮರ್ಯಾದೆಯ ಖರ್ಚೇ.

12. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ
ವರ್ಷವಿಡೀ ಸಂಬಳ ಬರುತ್ತದೆಂದು ಎಣಿಸಿ ಕಂಪನಿ ಟಿಡಿಎಸ್ ಕಡಿದಿರುತ್ತದೆ. ನಡುವೆ ಕೆಲಸ ಹೋದರೆ ಅದರಲ್ಲಿ ಒಂದು ಪಾಲು ವಾಪಸ್ ಬರಬಹುದು. ಗ್ರ್ಯಾಚ್ಯುಟಿಗೆ 20 ಲಕ್ಷದವರೆಗೆ, ಕೆಲಸ ಬಿಡುವಾಗ ಸಿಗುವ ರಜೆ ನಗದೀಕರಣಕ್ಕೆ 25 ಲಕ್ಷದವರೆಗೆ ವಿನಾಯಿತಿಯಿದೆ.

13. ಒಟ್ಟಿಗೆ ಬಂದ ದುಡ್ಡಿಗೆ ಮೂರು ತಿಂಗಳು ಬೀಗ
ಪರಿಹಾರದ ಹಣ ಖಾತೆಗೆ ಬಿದ್ದ ವಾರವೇ ಭಾವಮೈದುನ ಹೋಟೆಲ್ ಯೋಜನೆ ತರುತ್ತಾನೆ, ಗೆಳೆಯ ಸೈಟು ತೋರಿಸುತ್ತಾನೆ. ಇಬ್ಬರೂ ಒಳ್ಳೆಯವರೇ. ಆದರೂ ಮೂರು ತಿಂಗಳು ಎಫ್‌ಡಿಯಲ್ಲಿಟ್ಟು ಆಮೇಲೆ ಮಾತಾಡಿ. ಹೋಟೆಲೇ ಮಾಡುವುದಾದರೆ ಮೊದಲು ಒಂದು ತಿಂಗಳು ಬೇರೆಯವರ ಹೋಟೆಲಿನಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೋಡಿ. ಕೆಲಸ ಕೊಡಿಸಲು ಮುಂಗಡ ಕೇಳುವವರು, ಟೆಲಿಗ್ರಾಂನಲ್ಲಿ ‘ಟಾಸ್ಕ್’ ಕೊಡುವವರು ನಿಮ್ಮಂಥವರನ್ನೇ ಹುಡುಕುತ್ತಿರುತ್ತಾರೆ. ಸಿಕ್ಕಿಬಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

14. ಹೊಸ ಕೆಲಸ ಸಿಕ್ಕಾಗ
ಸಂಬಳ ಮೊದಲಿಗಿಂತ ಕಡಿಮೆ ಇದ್ದರೆ ಅದನ್ನೂ ದಿನದ ಲೆಕ್ಕದಲ್ಲೇ ತೂಗಿ: ಬೇಡವೆಂದರೆ ಕುಡಿಕೆಯಿಂದ ಇನ್ನೆಷ್ಟು ದಿನ ತೆಗೆಯಬೇಕು? ಸೇರುವ ದಿನ ಪಿಎಫ್‌ನ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಹೊಸದು ಮಾಡಿಸಿಕೊಳ್ಳಬೇಡಿ. ಹಳೆಯ ಪಿಎಫ್ ವರ್ಗವಾದರೆ ಹಿಂದಿನ ಸೇವೆಯ ವರ್ಷಗಳೂ ಅದರ ಜೊತೆ ಬರುತ್ತವೆ.