ಅರವತ್ತಕ್ಕೆ ಅರಳು ಮರಳೆ?

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಯಾರನ್ನು ಕೇಳಿದರೂ, ಸಂಜೆಯ ಹೊತ್ತು ತಮ್ಮ ಮನೆಯ ದಾರಿಯನ್ನೇ ಮರೆತು ಅಲೆದ ಹಿರಿಯರೊಬ್ಬರ ಸಂಗತಿಯನ್ನು ಹೇಳಿಯಾರು. ಕೇಳಿದವರು ಈ ಗಾದೆಯನ್ನು ಉದ್ಧರಿಸಿ ನಕ್ಕು ಸುಮ್ಮನಾಗುವುದು ವಾಡಿಕೆ. ಗಾದೆ ವೇದಕ್ಕೆ ಸಮಾನವೆಂದು ಬಲ್ಲವರು ಹೇಳುತ್ತಾರೆ. ಆದರೂ ಈ ಒಂದು ಗಾದೆಯನ್ನು ಪರೀಕ್ಷಿಸದೆ ಒಪ್ಪಿಕೊಂಡುದರಿಂದ ನಮ್ಮ ಹಿರಿಯರಿಗೆ ಅನ್ಯಾಯವಾಗುತ್ತಿದೆಯೆಂದು ನನಗೆ ತೋರುತ್ತದೆ. ಮನಃಶಾಸ್ತ್ರದ ವಿದ್ಯಾರ್ಥಿಯಾದ ನಾನು ಓದಿ ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಲೆಕ್ಕವನ್ನು ನೋಡೋಣ. ನೆನಪು, ವಿವೇಚನೆ, ಮಾತು ಇವು ಕ್ರಮೇಣ ಕುಂದಿ ನಿತ್ಯದ ಬಾಳೇ ನಡೆಯದಂತಾಗುವ ಸ್ಥಿತಿಗೆ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ವರ್ಷ ಮೀರಿದವರಲ್ಲಿ ಶೇಕಡ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ ಇದು ಇದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಹಾಗಾದರೆ ನೂರಕ್ಕೆ ತೊಂಬತ್ತೆರಡು ಮಂದಿ ಹಿರಿಯರಿಗೆ ಇದು ಇಲ್ಲವೆಂದಾಯಿತು. ಮುಪ್ಪೊಂದೇ ಕಾರಣವಾಗಿದ್ದ ಪಕ್ಷದಲ್ಲಿ ಎಲ್ಲರಿಗೂ ಬರಬೇಕಾಗಿತ್ತಲ್ಲವೆ? ವಯಸ್ಸು ಅಪಾಯವನ್ನು ಹೆಚ್ಚಿಸುತ್ತದೆ, ನಿಜ. ಆದರೆ ವಯಸ್ಸೇ ರೋಗವಲ್ಲ.

ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣ ಆಲ್‌ಝೈಮರ್ ರೋಗ. ೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ ಹೆಂಗಸನ್ನು ಕರೆತಂದರು. ಆಕೆಗಿನ್ನೂ ಐವತ್ತೊಂದು ವರ್ಷ. ಗಾದೆಯ ಅರವತ್ತೂ ಆಗಿರಲಿಲ್ಲ. ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಅಲೋಯಿಸ್ ಆಲ್‌ಝೈಮರ್ ಎಂಬ ವೈದ್ಯನು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ನರಕೋಶಗಳ ನಡುವೆ ಜಿಡ್ಡಿನಂಥ ಮಚ್ಚೆಗಳೂ, ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಕಂಡವು. ಮಚ್ಚೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನಿಂದಲೂ, ಎಳೆಗಳು ಟಾವ್ ಎಂಬ ಪ್ರೋಟೀನಿನಿಂದಲೂ ಆದುವೆಂದು ಈಗ ತಿಳಿದಿದೆ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಬಹು ಬೇಗ ಹಾನಿಗೊಳ್ಳುವುದರಿಂದಲೇ ರೋಗಿಗೆ ಬಾಲ್ಯ ನೆನಪಿರುತ್ತದೆ, ಬೆಳಗಿನ ಊಟ ಮರೆತಿರುತ್ತದೆ.

ಇನ್ನು ಉರಿಯೂತದ ವಿಷಯ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದುವುದು ದೇಹದ ರಕ್ಷಣೆಯ ಕ್ರಮ. ಮಿದುಳಿನಲ್ಲಿಯೂ ಇಂಥ ರಕ್ಷಕರಿದ್ದಾರೆ. ೧೯೧೯ರಲ್ಲಿ ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ತೇಗ ಇವುಗಳನ್ನು ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟನು. ಕಸವನ್ನು ನುಂಗಿ ತೆಗೆಯುವುದು ಈ ಕೋಶಗಳ ಕೆಲಸ. ಆದರೆ ಅಮೈಲಾಯ್ಡ್ ತೆಗೆದಷ್ಟೂ ಉಳಿಯುತ್ತ ಹೋದರೆ ಇವು ವರ್ಷಗಟ್ಟಲೆ ಕೆರಳಿಯೇ ಇದ್ದು, ಉರಿಯೂತದ ದ್ರವ್ಯಗಳನ್ನು ಹೊರಸೂಸಿ, ನರಕೋಶಗಳು ಒಂದನ್ನೊಂದು ಕೂಡುವ ಸಂಧಿಗಳನ್ನೇ ಕೆಡಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಹಾಗಿದ್ದಲ್ಲಿ ಉರಿಯೂತವನ್ನು ಶಮನಮಾಡುವ ಔಷಧಿ ಕೊಟ್ಟರೆ ಸಾಲದೆ? ಕೀಲುವಾತಕ್ಕೆ ಅಂಥ ಔಷಧಿಗಳನ್ನು ಬಹುಕಾಲ ಸೇವಿಸಿದವರಲ್ಲಿ ಈ ರೋಗ ಕಡಮೆಯೆಂದು ಕೆನಡಾದ ಮೆಕ್‌ಗೀರ್ ದಂಪತಿಗಳು ೧೯೯೦ರ ವೇಳೆಗೆ ಗಮನಿಸಿದ್ದರು. ೨೦೦೧ರಲ್ಲಿ ಅಮೆರಿಕೆಯಲ್ಲಿ ೨,೫೦೦ಕ್ಕೂ ಹೆಚ್ಚು ಹಿರಿಯರ ಮೇಲೆ ಇದರ ಪರೀಕ್ಷೆ ಆರಂಭವಾಯಿತು. ಹೃದಯಕ್ಕೆ ಅಪಾಯವಾದೀತೆಂಬ ಶಂಕೆಯಿಂದ ೨೦೦೪ರಲ್ಲಿ ಔಷಧಿಯನ್ನು ನಿಲ್ಲಿಸಿದರು. ಅದು ರೋಗವನ್ನು ತಡೆದುದೂ ಕಂಡುಬರಲಿಲ್ಲ. ೨೦೧೩ರಲ್ಲಿ ಇದಕ್ಕೆ ಬೆಳಕು ಚೆಲ್ಲುವ ಸಂಗತಿಯೊಂದು ಹೊರಬಿತ್ತು: ಮೈಕ್ರೋಗ್ಲಿಯಾದ ಕೆಲಸಕ್ಕೆ ಅವಶ್ಯಕವಾದ ಟ್ರೆಮ್-೨ ಎಂಬ ಜೀನಿನಲ್ಲಿ ಒಂದು ಬಗೆಯ ವ್ಯತ್ಯಾಸವಿದ್ದವರಿಗೆ ಈ ರೋಗದ ಅಪಾಯ ಹಲವು ಪಟ್ಟು ಹೆಚ್ಚು. ಕಾವಲುಗಾರ ಕೆರಳಿದರೂ ಕಷ್ಟ, ನಿದ್ರೆಹೋದರೂ ಕಷ್ಟ. ಬೇಲಿ ಹೊಲ ಮೇಯುತ್ತದೆಂದು ಬೇಲಿಯನ್ನೇ ಕಿತ್ತೆಸೆಯುವಂತಿಲ್ಲ.

ಈ ಸಂಶೋಧನೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನಿ ವಿಜಯಲಕ್ಷ್ಮೀ ರವೀಂದ್ರನಾಥ್ ಅವರೂ ಸಹೋದ್ಯೋಗಿಗಳೂ ೨೦೧೨ರಲ್ಲಿ ಒಂದು ಕುತೂಹಲಕರ ಫಲಿತಾಂಶವನ್ನು ಪ್ರಕಟಿಸಿದರು. ಈ ರೋಗದ ಲಕ್ಷಣಗಳುಳ್ಳ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರವನ್ನು ೩೦ ದಿನ ಕೊಟ್ಟಾಗ ಅವುಗಳ ನೆನಪು ಸುಧಾರಿಸಿತು, ಮಿದುಳಿನ ಅಮೈಲಾಯ್ಡ್ ತಗ್ಗಿತು. ವಿಚಿತ್ರವೆಂದರೆ ಆ ಸಾರ ಕೆಲಸ ಮಾಡಿದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ; ಅಲ್ಲಿ ಒಂದು ಪ್ರೋಟೀನು ಹೆಚ್ಚಿ ಅಮೈಲಾಯ್ಡನ್ನು ಮಿದುಳಿನಿಂದ ರಕ್ತಕ್ಕೆ ಸೆಳೆಯಿತು. ಇಲಿಗೆ ಆದುದು ಮನುಷ್ಯನಿಗೂ ಆಗುವುದೆಂದು ಹೇಳಬರುವುದಿಲ್ಲ. ಆದುದರಿಂದ ಯಾರೂ ಗಂಧಿಗೆ ಅಂಗಡಿಗೆ ಓಡಬೇಕಾಗಿಲ್ಲ.

ಇದಕ್ಕಿಂತಲೂ ನಮಗೆ ಹತ್ತಿರವಾದುದು ಅದೇ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಇನ್ನೊಂದು ಕಾರ್ಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೪೫ ವರ್ಷ ಮೇಲ್ಪಟ್ಟ ೧೦,೦೦೦ ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಸಂಕಲ್ಪದಿಂದ ೨೦೧೮ರಲ್ಲಿ ಅಧ್ಯಯನ ಆರಂಭವಾಯಿತು. ರಾಗಿ ಉಂಡು ಹೊಲಗೆಲಸ ಮಾಡಿದ ಜನರ ಮಿದುಳು ಹೇಗೆ ಮುಪ್ಪಾಗುತ್ತದೆಂಬುದನ್ನು ಪರದೇಶದ ಪುಸ್ತಕ ಹೇಳಲಾರದು. ಬರೆಯಲು ಬಾರದ ಮುದುಕಿಗೆ ಒಂದು ವಾಕ್ಯ ಬರೆದು ತೋರಿಸೆಂದರೆ ಅದು ನೆನಪಿನ ಪರೀಕ್ಷೆಯಾಗುವುದಿಲ್ಲ.

ಈ ಮಾತು ನನಗೆ ನಾಟಿದ್ದು ನನ್ನ ಅಜ್ಜಿಯಿಂದ. ಗೊರೂರಿನ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ತವರೂರಿನ ಮನೆಮನೆಯ ಹೆಸರನ್ನೂ ಆಕೆ ಹೇಳಬಲ್ಲಳು; ಆದರೆ ನನ್ನನ್ನು “ಯಾರ ಮಗನಪ್ಪ ನೀನು?” ಎನ್ನುತ್ತಾಳೆ. ಅರಕಲಗೂಡಿನ ಕಡೆಯ ನಮ್ಮ ಹಳ್ಳಿಯಲ್ಲಿ ಕೆಲವರು ಗಾಳಿ ಸೋಕಿದೆಯೆಂದರು, ಕೆಲವರು ಗಾದೆ ಹೇಳಿದರು. ತಾಯಿಯವರು ಹಟಹಿಡಿದು ವೈದ್ಯರ ಬಳಿಗೆ ಕರೆದೊಯ್ದ ಮೇಲೆಯೇ ರೋಗವೆಂದು ತಿಳಿದದ್ದು. ರೋಗ ಗುಣವಾಗಲಿಲ್ಲ; ಆದರೆ ಆಕೆ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಈಗ ಯಾರೂ ಗದರುವುದಿಲ್ಲ.

ಗುಣವಾಗುವ ಮರೆವೂ ಉಂಟೆಂಬುದನ್ನು ಮಿತ್ರರು ಗಮನಿಸಬೇಕು. ಬಿ-೧೨ ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ ಇವುಗಳಿಂದ ಬರುವ ಮರೆವು ಚಿಕಿತ್ಸೆಯಿಂದ ಹಿಂಗಬಹುದು. ಪರೀಕ್ಷಿಸದೆ ಗಾದೆ ಹೇಳಿ ಕೂತರೆ ಅಂಥವರೂ ಕೈತಪ್ಪುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ವಿದ್ಯೆಯ ಅಭಾವ, ಒಂಟಿತನ ಮೊದಲಾದ ೧೪ ಕಾರಣಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇಕಡ ೪೫ ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಅಂದಾಜು ಮಾಡಿದೆ.

ಪ್ರಯೋಗಶಾಲೆಯ ಕೆಲಸ ಕಲಾವಿಭಾಗದ ನಮ್ಮದಲ್ಲ. ಆದರೆ ರಜೆಗೆ ಊರಿಗೆ ಹೋದಾಗ ಹಿರಿಯರ ಬಳಿ ಕುಳಿತು ಮಾತನಾಡಿಸುವುದು, ಮರೆವು ಹೆಚ್ಚುತ್ತಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮಿಂದ ಆಗುವ ಕೆಲಸ. ನಮಗೆ ಅಕ್ಷರ ಕಲಿಸಲೆಂದು ಹೊಲಗದ್ದೆಗಳಲ್ಲಿ ದುಡಿದವರು ಅವರು. ಅವರು ನಮ್ಮ ಹೆಸರನ್ನು ಮರೆತಾಗ, ಅವರು ಯಾರೆಂಬುದನ್ನು ನೆನಪಿಡಬೇಕಾದವರು ನಾವು.