ಸೇರಿಸಿಕೊಂಡರೆ ಸಾಲದು, ಕಲಿಸಬೇಕು



ಶಾಲೆ ಆರಂಭವಾಗುವ ದಿನಗಳಲ್ಲಿ ಪ್ರತಿವರ್ಷವೂ ಕೆಲವು ತಂದೆತಾಯಿಯರು ಮಗುವಿನ ಕೈಹಿಡಿದು ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಮಗುವಿಗೆ ಕಿವಿ ಸರಿಯಾಗಿ ಕೇಳಿಸದು, ಇಲ್ಲವೇ ದೃಷ್ಟಿ ಮಂದ, ಇಲ್ಲವೇ ಕಲಿಕೆ ನಿಧಾನ. "ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ" ಎಂಬ ಉತ್ತರವನ್ನು ಅವರು ಎಷ್ಟೋ ಬಾಗಿಲುಗಳಲ್ಲಿ ಕೇಳಿರುತ್ತಾರೆ. ಕೊನೆಗೆ ಹೇಗೋ ಒಂದು ಕಡೆ ಸೀಟು ಸಿಕ್ಕಿತೆನ್ನಿ. ಅಲ್ಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಸೇರಿಸಿಕೊಳ್ಳುವುದು ಒಂದು, ಕಲಿಸುವುದು ಇನ್ನೊಂದು. ಈ ವ್ಯತ್ಯಾಸವನ್ನು ಕುರಿತು ಈ ವಾರ ಸ್ವಲ್ಪ ಆಲೋಚಿಸೋಣ.

ಒಂದು ಹಳ್ಳಿ ಶಾಲೆ

ಅಂಧರ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಫ್ರಾನ್ಸಿನ ಕೂವ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವರು. ಮೂರನೆಯ ವಯಸ್ಸಿನಲ್ಲಿ ಮಗು ಅವರ ಚೂಪಾದ ಹತಾರವನ್ನು ಹಿಡಿದು ಆಡುವಾಗ ಒಂದು ಕಣ್ಣಿಗೆ ಪೆಟ್ಟಾಯಿತು. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ದೃಷ್ಟಿ ಪೂರ್ತಿ ಹೋಯಿತು. ಆ ಊರಿನ ಗುರುಗಳಾಗಿದ್ದ ಫಾದರ್ ಪಲ್ಲೂಯಿ ಬಾಲಕನಿಗೆ ಪಾಠ ಹೇಳಿಕೊಟ್ಟರು. ಊರ ಶಾಲೆಯ ಮೇಷ್ಟ್ರು ಅವನನ್ನು ಬೇರೆ ಮಕ್ಕಳ ಜೊತೆಯಲ್ಲೇ ಕೂರಿಸಿಕೊಂಡರು. ಕಿವಿಯಲ್ಲಿ ಕೇಳಿದ್ದನ್ನೆಲ್ಲ ಹುಡುಗ ಕಲಿತ. ಆದರೆ ಬೇರೆ ಮಕ್ಕಳು ಪುಸ್ತಕ ತೆರೆದ ಕೂಡಲೇ ಅವನ ಕಲಿಕೆ ನಿಲ್ಲುತ್ತಿತ್ತು. ಅವನ ಬೆರಳು ಓದಬಲ್ಲ ಪುಸ್ತಕ ಆ ಶಾಲೆಯಲ್ಲಿ ಇರಲಿಲ್ಲ.

1819ರಲ್ಲಿ ಅವನು ಪ್ಯಾರಿಸ್ಸಿನ ಅಂಧರ ಶಾಲೆಗೆ ಹೋದ. ಹದಿನೈದರ ಹರೆಯದಲ್ಲೇ ಆರು ಚುಕ್ಕೆಗಳ ಲಿಪಿಗೆ ರೂಪ ಕೊಟ್ಟ. 1829ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ದೇಶದ ಭಾಷೆಗಳಿಗೆ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಅಂಗೀಕಾರವಾಯಿತು. ಕನ್ನಡವನ್ನೂ ಅದರಲ್ಲಿ ಓದಬಹುದು.

ಕೂವ್ರೇ ಹಳ್ಳಿ ಆ ಬಾಲಕನಿಗೆ ಜಾಗ ಕೊಟ್ಟಿತು, ಅಕ್ಕರೆ ಕೊಟ್ಟಿತು. ಕೊಡಲಾಗದೇ ಹೋದದ್ದು ಕಲಿಯುವ ದಾರಿಯನ್ನು. ಅಂದು ಆ ದಾರಿ ಇರಲಿಲ್ಲ. ಇಂದು ಇದೆ. ಇದ್ದೂ ಕೊಡದಿದ್ದರೆ ಏನೆನ್ನಬೇಕು?

ಕಾನೂನು ಏನು ಹೇಳುತ್ತದೆ?

ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿ ಓದಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 1974ರಲ್ಲೇ ಆರಂಭಿಸಿತು. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಸೇರಿದ 92 ಸರ್ಕಾರಗಳ ಪ್ರತಿನಿಧಿಗಳು ಶಾಲೆಗಳು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ಘೋಷಿಸಿದರು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವೆಲ್ಲ ಕಾಯಿದೆಯಲ್ಲೇ ಇವೆ.

ನಾವು ಕಥೋಲಿಕರು ಇನ್ನೊಂದು ಮಾತನ್ನು ನೆನಪಿಡಬೇಕು. ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2025ರಲ್ಲಿ ಅದೇ ಕೋರ್ಟಿನ ಪೀಠವೊಂದು ಆ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿತು. ಕೋರ್ಟಿನ ಮಾತು ಏನೇ ಇರಲಿ, ನಮ್ಮ ಶಾಲೆಗಳು ಹುಟ್ಟಿದ್ದು ಯಾರಿಗಾಗಿ? ನೂರಕ್ಕೆ ನೂರು ಫಲಿತಾಂಶ ಕೆಡುತ್ತದೆಂಬ ಭಯದಿಂದ ಒಂದು ಮಗುವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದಾದರೆ, ಗೋಡೆಯ ಮೇಲಿನ ಶಿಲುಬೆಗೆ ನಾವು ಉತ್ತರ ಕೊಡಬೇಕಾಗುತ್ತದೆ.

ತರಗತಿಯಲ್ಲಿ ಏನು ಮಾಡಬಹುದು?

ಕಿವಿ ಮಂದವಾದ ಮಗು ಅಧ್ಯಾಪಕರ ತುಟಿಗಳನ್ನೂ ಮುಖವನ್ನೂ ನೋಡಿ ಎಷ್ಟೋ ಅರ್ಥಮಾಡಿಕೊಳ್ಳುತ್ತದೆ. ಅದನ್ನು ಮುಂದೆ ಕೂರಿಸಬೇಕು. ಬೋರ್ಡಿನ ಕಡೆ ತಿರುಗಿ ಪಾಠ ಹೇಳಬಾರದು. ಕಿಟಕಿಗೆ ಬೆನ್ನು ಮಾಡಿ ನಿಂತರೂ ಬೆಳಕು ಹಿಂದಿನಿಂದ ಬಂದು ಮುಖ ಕಾಣಿಸದು.

ದೃಷ್ಟಿ ಮಂದವಾದ ಮಗುವಿಗೆ ಬೋರ್ಡಿನಲ್ಲಿ ಬರೆದುದನ್ನು ಗಟ್ಟಿಯಾಗಿ ಓದಿ ಹೇಳಬೇಕು. ದಪ್ಪ ಗೆರೆಯ ನೋಟ್‌ಬುಕ್ಕು, ದಪ್ಪ ಕಪ್ಪು ಪೆನ್ನು ಕೊಟ್ಟರೆ ಅನುಕೂಲ.

ನಿಧಾನವಾಗಿ ಕಲಿಯುವ ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಕೂಡುವ ಲೆಕ್ಕ ಮೊದಲು ಹುಣಸೆಬೀಜದಲ್ಲಿ ಆಗಲಿ, ಆಮೇಲೆ ಸ್ಲೇಟಿನಲ್ಲಿ.

ಅಕ್ಷರಗಳನ್ನು ಅದಲುಬದಲು ಮಾಡುವ, ಓದಲು ತಡವರಿಸುವ, ಆದರೆ ಬಾಯಲ್ಲಿ ಕೇಳಿದರೆ ಥಟ್ಟನೆ ಉತ್ತರಿಸುವ ಮಗುವನ್ನು ಸೋಮಾರಿಯೆಂದು ಬೈಯುವ ಮೊದಲು ಪರೀಕ್ಷೆ ಮಾಡಿಸಿ. ಅದು ಡಿಸ್ಲೆಕ್ಸಿಯಾ ಇರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮಾತು ತೊದಲಿದರೂ ಬುದ್ಧಿ ಚುರುಕಾಗಿರಬಹುದು. ಉತ್ತರ ಬರುವವರೆಗೆ ಕಾಯಿರಿ. ನಡೆಯಲಾರದ ಮಗುವಿದ್ದರೆ ಆ ತರಗತಿಯನ್ನೇ ನೆಲಮಹಡಿಗೆ ತನ್ನಿ.

ಇವಕ್ಕೆ ಹೆಚ್ಚು ಹಣ ಬೇಕಿಲ್ಲ, ತಾಳ್ಮೆ ಬೇಕು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಅಧ್ಯಾಪಕರಿಗೆ ಇದು ಕಷ್ಟ, ನಿಜ. ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ಈ ಕೆಲಸಕ್ಕೆಂದೇ ತರಬೇತಾದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರ ಸಲಹೆ ಪಡೆಯಿರಿ. ಸಹಪಾಠಿಗಳೂ ದೊಡ್ಡ ಸಹಾಯ. ಇನ್ನು ಸನ್ನೆಭಾಷೆಯಲ್ಲೇ ಕಲಿಯಬೇಕಾದಂಥ ಕೆಲವು ಮಕ್ಕಳಿಗೆ ವಿಶೇಷ ಶಾಲೆಯೇ ಒಳ್ಳೆಯದಿರಬಹುದು. ಆದರೆ ಆ ತೀರ್ಮಾನ ಮಗುವಿನ ಒಳಿತನ್ನು ನೋಡಿ ಆಗಬೇಕೇ ಹೊರತು ನಮ್ಮ ಸೌಕರ್ಯವನ್ನು ನೋಡಿ ಅಲ್ಲ.

"ನಮ್ಮ ಮಕ್ಕಳಿಗೆ ಅನ್ಯಾಯವಲ್ಲವೇ?"

ಒಂದು ಮಗುವಿಗೆ ಹೆಚ್ಚು ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯವೆಂದು ಕೆಲವರಿಗೆ ಅನ್ನಿಸುತ್ತದೆ. ಸಂತ ತೋಮಸ್ ಅಕ್ವಿನಾಸರ ಬೋಧನೆಯಂತೆ ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು. ಮನೆಯಲ್ಲಿ ತಾಯಿ ಜ್ವರ ಬಂದ ಮಗುವಿಗೆ ಗಂಜಿ ಮಾಡಿ ಪಕ್ಕದಲ್ಲಿ ಕೂತರೆ ಉಳಿದ ಮಕ್ಕಳಿಗೆ ಅನ್ಯಾಯವಾಯಿತೆನ್ನುವವರು ಯಾರು? ಅದನ್ನು ಕಂಡು ಬೆಳೆದ ಮಕ್ಕಳು ನಾಳೆ ತಾವೂ ಹಾಗೆಯೇ ನಡೆದುಕೊಳ್ಳುತ್ತಾರೆ.

ಮನೆಯಲ್ಲಿ, ದೇವಾಲಯದಲ್ಲಿ

"ಯಾರ ಪಾಪದ ಫಲ ಇದು?" ಎಂದು ಪಿಸುಗುಟ್ಟುವವರು ಇಂದಿಗೂ ಇದ್ದಾರೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ, ಅವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲವೆಂದು ಯೇಸುಸ್ವಾಮಿ ತಿಳಿಸಿದರು (ಯೊವಾನ್ನ 9). ಆದ್ದರಿಂದ ತಂದೆತಾಯಿಯರೇ, ಮಗುವನ್ನು ಮನೆಯೊಳಗೆ ಬಚ್ಚಿಡಬೇಡಿ. ಬೇಗನೆ ವೈದ್ಯರಿಗೆ ತೋರಿಸಿ, ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡು ಮಾಡಿಸಿ. ಧರ್ಮೋಪದೇಶ ತರಗತಿಗೂ ಕರೆತನ್ನಿ. ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು ವ್ಯಾಟಿಕನ್ 2020ರಲ್ಲಿ ಹೊರತಂದ ಧರ್ಮೋಪದೇಶ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ.

ಕಫೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರಿಗೆ ಬಾಗಿಲಲ್ಲಿ ದಾರಿ ಸಿಗಲಿಲ್ಲ (ಮಾರ್ಕ 2). ಅವರು ಹಿಂದಿರುಗಲಿಲ್ಲ, ಮಾಳಿಗೆಯನ್ನೇ ಬಿಚ್ಚಿದರು. ರೋಗಿಯನ್ನು ಮನೆಗೆ ತಕ್ಕಂತೆ ಬದಲಾಯಿಸಲು ಅವರಿಂದ ಆಗುತ್ತಿರಲಿಲ್ಲ. ಮನೆಯನ್ನು ರೋಗಿಗೆ ತಕ್ಕಂತೆ ಬದಲಾಯಿಸಿದರು. ನಮ್ಮ ಶಾಲೆಗಳಿಂದ ಕೇಳುವುದೂ ಇಷ್ಟೇ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಧರ್ಮಕೇಂದ್ರದಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಉಳಿದಿರುವ ವಿಕಲಚೇತನ ಮಗು ಇದೆಯೇ? ಆ ಮನೆಗೆ ನಾವು ಹೋಗಿದ್ದೇವೆಯೇ?

2. ತರಗತಿಯ ಇಂಥ ಗೆಳೆಯರ ಬಗ್ಗೆ ನಮ್ಮ ಮಕ್ಕಳು ಮನೆಯಲ್ಲಿ ಯಾವ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದಾರೆ?

3. ನಮ್ಮ ಶಾಲೆ, ದೇವಾಲಯಗಳ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರು ದಾರಿ ಇದೆಯೇ? ಇಲ್ಲದಿದ್ದರೆ ಅದನ್ನು ಕಟ್ಟಿಸಲು ಮೊದಲು ಮಾತೆತ್ತುವವರು ಯಾರು?